ಸ್ಯಾನಿಟೈಸರ್ ಇದ್ದರೂ ವಾರ್ಡ್‌ನಲ್ಲಿ ವಾಂತಿ-ಭೇದಿ ಹರಡುತ್ತಿರುವುದಕ್ಕೆ ಪ್ರತಿಕ್ರಿಯೆ

ನಿಮ್ಮ ವಾರ್ಡ್‌ನಲ್ಲಿ ಪ್ರತಿ ಮಂಚದ ಬಳಿ ಸ್ಯಾನಿಟೈಸರ್ ಇಟ್ಟಿದ್ದರೂ 3 ದಿನಗಳಲ್ಲಿ ಐವರು ರೋಗಿಗಳಿಗೂ ಇಬ್ಬರು ನರ್ಸ್‌ಗಳಿಗೂ ವಾಂತಿ-ಭೇದಿ ತಗುಲಿದೆ ಎಂದರೆ, ಅದು ನೊರೊವೈರಸ್ (ವಾಂತಿ-ಭೇದಿ ತರುವ, ಬೇಗ ಹರಡುವ ವೈರಸ್) ಆಗಿರುವ ಸಾಧ್ಯತೆಯೇ ಹೆಚ್ಚು. ಕೊಬ್ಬಿನ ಹೊರಪೊರೆಯಿಲ್ಲದ ಈ ವೈರಸ್ಸಿನ ಮೇಲೆ ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮಲಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು, ಆದರೆ ಮಾದರಿ ಕಳುಹಿಸಿ ವರದಿಗಾಗಿ ದಯವಿಟ್ಟು ಕಾಯುತ್ತಾ ಕೂರಬೇಡಿ.

ಮೊದಲು, ಕೈಗವಸು ತೆಗೆದ ನಂತರವೂ ಸೇರಿದಂತೆ, ಎಲ್ಲರೂ ಸೋಪು ಹಾಗೂ ಹರಿಯುವ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿ. ಬಳಿಕ ಕಾಯಿಲೆಯವರನ್ನು ಒಂದೇ ಕೋಣೆಗೆ ಸೇರಿಸಿ, ಅವರಿಗೆ ಬೇರೆ ಶೌಚಾಲಯ ಮತ್ತು ಬೇರೆ ಸಿಬ್ಬಂದಿಯನ್ನು ನಿಗದಿಪಡಿಸಿ.

ವಾಂತಿಯಾದ ಜಾಗವನ್ನು ಗುಡಿಸಬೇಡಿ. ಮಾಸ್ಕ್, ಏಪ್ರನ್, ಕೈಗವಸು ಧರಿಸಿ, ಹೀರುವ ಬಟ್ಟೆಯಿಂದ ತೆಗೆದು, ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಶೇ. 5ರ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣದ 100 ಮಿ.ಲೀ.ಗೆ 900 ಮಿ.ಲೀ. ನೀರು ಬೆರೆಸಿ ಹಚ್ಚಿ 10 ನಿಮಿಷ ಬಿಡಿ. ಆ್ಯಸಿಡ್ ಜೊತೆ ಅದನ್ನು ಎಂದಿಗೂ ಬೆರೆಸಬಾರದು. ಹಿಂದೆ ನಮ್ಮ ವಾರ್ಡ್‌ನಲ್ಲೂ ಹೀಗೆಯೇ ಆಗಿದ್ದಾಗ, ನೆಲವನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದರೂ, ಡ್ರಿಪ್ ಸ್ಟ್ಯಾಂಡ್, ಶೌಚಾಲಯದ ಚಿಲಕ ಮತ್ತು ನಲ್ಲಿಯ ತಿರುಪನ್ನು ಯಾರೂ ಒರೆಸಿರಲಿಲ್ಲ. ಅವನ್ನು ಸೇರಿಸಿಕೊಂಡ ಮೇಲೆಯೇ ಹೊಸ ಪ್ರಕರಣಗಳು ನಿಂತವು.

ಅಸ್ವಸ್ಥರಾದ ನರ್ಸ್‌ಗಳನ್ನು, ಎಷ್ಟೇ ಸಿಬ್ಬಂದಿ ಕೊರತೆಯಿದ್ದರೂ, ಲಕ್ಷಣಗಳು ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಕೆಲಸಕ್ಕೆ ಕರೆಯಬೇಡಿ. ಸೋಂಕು ನಿಯಂತ್ರಣ ಸಮಿತಿಗೂ ಜಿಲ್ಲಾ ಸರ್ವೇಕ್ಷಣಾಧಿಕಾರಿಗೂ (ಜಿಲ್ಲೆಯಲ್ಲಿ ರೋಗ ಹರಡುವಿಕೆಯ ಮೇಲೆ ನಿಗಾ ಇಡುವ ಅಧಿಕಾರಿ) ಇಂದೇ ತಿಳಿಸಿ.