ನಿಮ್ಮ ಆಮೆಗೆ ಹೆಣ್ಣು ಹುಡುಕಬೇಡಿ

ಹುಬ್ಬಳ್ಳಿಯ ವಿದ್ಯಾನಗರದಿಂದ ಓದುಗರೊಬ್ಬರು ಫೋಟೋ ಸಮೇತ ಬರೆದಿದ್ದಾರೆ: "ನಾಲ್ಕು ವರ್ಷದ ಹಿಂದೆ ನಮ್ಮ ಮೈದುನ ಒಂದು ಆಮೆ ತಂದುಕೊಟ್ಟರು. ಮನೆಗೆ ಒಳ್ಳೆಯದಾಗುತ್ತದೆ ಅಂದರು. ಟಬ್‌ನಲ್ಲಿ ನೀರು ತುಂಬಿ ಬಿಡುತ್ತೇವೆ, ಒದ್ದಾಡಿ ಹೊರಗೆ ಬರುತ್ತದೆ. ದಿನವಿಡೀ ಹಿತ್ತಲಿನ ಗೋಡೆಗೆ ತಲೆ ಹಾಯುತ್ತಾ ಸುತ್ತುತ್ತದೆ. ಇದು ಯಾವ ಜಾತಿ? ಏಳನೇ ಕ್ಲಾಸಿನ ಮಗಳು, ಪಾಪ ಒಂಟಿಯಾಗಿದೆ, ಜೋಡಿ ತನ್ನಿ ಅಂತಾಳೆ. ತರಬೇಕೇ? ನೀವೂ ಒಬ್ಬರೇ ಇರುವವರಂತೆ, ನಿಮಗೆ ಗೊತ್ತಿರುತ್ತದೆ ಅಂತ ಕೇಳಿದೆ."

ತಾಯಿ, ಕೊನೆಯ ಸಾಲಿಗೆ ನಮಸ್ಕಾರ. ಅದಕ್ಕೇ ಈ ಸಲ ಪೂರ್ತಿ ಪುಟ ನಿಮಗೆ.

ಜಾತಿಯ ಮಾತು ಮೊದಲು ಮುಗಿಸಿಬಿಡೋಣ. ಉಬ್ಬಿದ ಬೆನ್ನು. ಚಿಪ್ಪಿನ ಒಂದೊಂದು ಕಪ್ಪು ಬಿಲ್ಲೆಯ ನಡುವೆ ಹಳದಿ ಮಚ್ಚೆ, ಅಲ್ಲಿಂದ ಸುತ್ತಲೂ ಹೊರಟ ಹಳದಿ ಗೆರೆಗಳು. ಕಾಲು ಆನೆಮರಿಯ ಕಾಲಿನ ಹಾಗೆ ಮೊಂಡ. ಇದು ನಕ್ಷತ್ರ ಆಮೆ. ಕುರುಚಲು ಕಾಡು, ಹುಲ್ಲುಗಾವಲಿನ ಪ್ರಾಣಿ. ನಮ್ಮ ಕೆರೆಗಳಲ್ಲಿ ಕಾಣುವ ಮೆತ್ತನೆ ಚಿಪ್ಪಿನ ಆಮೆ ಬೇರೆ. ಅಕ್ವೇರಿಯಂ ಅಂಗಡಿಯಲ್ಲಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟಿಯ ಹಸಿರು ಮರಿ ಅಮೆರಿಕದ್ದು, ಅದೂ ಬೇರೆ. ಅವಕ್ಕೆ ನೀರು ಬೇಕು. ನಿಮ್ಮದಕ್ಕೆ ಈಜು ಬರುವುದಿಲ್ಲ. ಆ ಟಬ್ ಇವತ್ತೇ ಬೋರಲು ಹಾಕಿ. ತಟ್ಟೆಯಲ್ಲಿ ಒಂದಿಷ್ಟು ನೀರಿಟ್ಟರೆ ಸಾಕು.

ಈಗ ಜೋಡಿಯ ಮಾತು. ಮಗಳ ಕರುಳು ಒಳ್ಳೆಯದು, ಒಪ್ಪಿದೆ. ಹೊರದೇಶಗಳಲ್ಲಿ ನಕ್ಷತ್ರ ಆಮೆಗಳನ್ನು ಗುಂಪಾಗಿ ಸಾಕುವವರಿದ್ದಾರೆ, ಅವು ಅಷ್ಟೇನೂ ಜಗಳಗಂಟ ಅಲ್ಲ. 2004ರ ಸುನಾಮಿಯಲ್ಲಿ ತಾಯಿಯಿಂದ ಬೇರೆಯಾದ ನೀರಾನೆ ಮರಿಯೊಂದು ಕೀನ್ಯಾದಲ್ಲಿ ಮುದಿ ಆಮೆಯೊಂದರ ಬೆನ್ನು ಹತ್ತಿದ ಕಥೆ ಲೋಕವೆಲ್ಲ ಓದಿದೆ. ಆದರೆ ಗಮನಿಸಿ, ಜೊತೆ ಹುಡುಕಿಕೊಂಡು ಹೋದದ್ದು ನೀರಾನೆ. ಆಮೆ ಯಾರನ್ನೂ ಕರೆದಿರಲಿಲ್ಲ.

ನೆಲದ ಆಮೆ ಸಂಸಾರ ಕಟ್ಟುವುದಿಲ್ಲ ತಾಯಿ. ಮಳೆಗಾಲದಲ್ಲಿ ಗಂಡು ಹೆಣ್ಣಿನ ಹಿಂದೆ ಓಡಾಡುತ್ತದೆ, ಕೆಲಸ ಮುಗಿದ ಮೇಲೆ ಅವರವರ ದಾರಿ. ಹೆಣ್ಣು ಗುಂಡಿ ತೋಡಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ನಡೆದುಬಿಡುತ್ತದೆ. ತಿರುಗಿ ನೋಡುವುದಿಲ್ಲ. ನಾನು ಹುಡುಗನಿದ್ದಾಗ ಮಠದ ಪುರಾಣದಲ್ಲಿ ಕೇಳಿದ್ದೆ: ಮೀನು ನೋಟದಿಂದ, ಹಕ್ಕಿ ಕಾವಿನಿಂದ, ಆಮೆ ಬರೀ ನೆನಪಿನಿಂದ ಮರಿ ಮಾಡುತ್ತದೆ ಅಂತ. ಹಿರಿಯರ ಕಣ್ಣು ಚುರುಕು. ತಾಯಿ ಹತ್ತಿರ ಇಲ್ಲ ಅನ್ನುವುದನ್ನು ಸರಿಯಾಗಿಯೇ ನೋಡಿದ್ದರು. ಆದರೆ ಮನಸ್ಸು ತಡೆಯಲಿಲ್ಲ, ದೂರದಿಂದ ನೆನೆಯುತ್ತಿರಬೇಕು ಅಂತ ಸೇರಿಸಿದರು. ನಿಮ್ಮ ಮಗಳು ಮಾಡಿದ್ದೂ ಅದನ್ನೇ.

ದೊಡ್ಡ ದೊಡ್ಡ ವಿಜ್ಞಾನಿಗಳೂ ಹೀಗೇ. ಗ್ಯಾಲಪಗೋಸ್‌ನ ಪಿಂಟಾ ದ್ವೀಪದಲ್ಲಿ 1971ರಲ್ಲಿ ಒಂದು ಗಂಡು ಆಮೆ ಸಿಕ್ಕಿತು. ಅದರ ಕುಲದಲ್ಲಿ ಅದೊಂದೇ ಉಳಿದಿತ್ತು. 'ಒಂಟಿ ಜಾರ್ಜ್' ಅಂತ ಹೆಸರಿಟ್ಟರು. ಪಕ್ಕದ ದ್ವೀಪದ ಹೆಣ್ಣುಗಳನ್ನು ತಂದು ಜೊತೆಗೆ ಬಿಟ್ಟರು. ವರ್ಷಗಟ್ಟಲೆ ಅವನು ಅತ್ತ ತಿರುಗಲಿಲ್ಲ. 2008ರಲ್ಲಿ ಮೊಟ್ಟೆಗಳೇನೋ ಬಂದವು, ಮರಿ ಒಂದೂ ಆಗಲಿಲ್ಲ. 2012ರಲ್ಲಿ ಸತ್ತ. ಕುಲ ಉಳಿಸಬೇಕೆಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆ 'ಒಂಟಿ' ಮಾತ್ರ ನಮ್ಮ ಶಬ್ದ.

ಈ ಶಬ್ದ ನನ್ನ ಬೆನ್ನಿಗೂ ಬಿದ್ದು ಮೂವತ್ತು ವರ್ಷ ಆಯಿತು. ಧಾರವಾಡದಲ್ಲಿ ಮನೆ ಬಾಡಿಗೆ ಕೇಳಿದರೆ, "ಫ್ಯಾಮಿಲಿ ಐತೇನ್ರಿ?" ಖಾನಾವಳಿಯಲ್ಲಿ ಕೂತರೆ, "ಒಬ್ಬರ ಬಂದೀರೇನ್ರಿ?" ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಾಗಲೂ ಯಾರಾದರೂ ಬಂದು ಭುಜ ಸವರಿ ಹೋಗುತ್ತಾರೆ. ಸಾಧನಕೇರಿ ದಂಡೆಯಲ್ಲಿ ಸಂಜೆ ಸುಮ್ನೆ ಕೂತಿದ್ದೆ. ಗುರುತಿಲ್ಲದವರೊಬ್ಬರು ಬಂದು, "ಏನಾರ ತ್ರಾಸ ಐತೇನ್ರಿ ಸರ?" ಅಂದರು. ನನಗಿದ್ದ ತ್ರಾಸ ಅವರೇ! ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಜಾಸ್ತಿ. ಗೀತೆಯ ಎರಡನೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಇದೆ. ಒಂದೇ ಆಮೆ, ಜೋಡಿ ಅಲ್ಲ. ಅದನ್ನು ಬಾಯಿಪಾಠ ಹೇಳುವವರೇ ನನಗೆ ವಧು ಹುಡುಕಿದ್ದು.

ಇರಲಿ. ನಿಮ್ಮ ಆಮೆ ಗೋಡೆಗೆ ತಲೆ ಹಾಯುವುದು ಗೆಳತಿಗಾಗಿ ಅಲ್ಲ. ಅದಕ್ಕೆ ಜಾಗ ಬೇಕು. ಮೇಯುತ್ತಾ ಅಲೆಯುವ ಪ್ರಾಣಿಗೆ ನಿಮ್ಮ ಹಿತ್ತಲು ಎಷ್ಟಾದೀತು? ಇನ್ನೊಂದನ್ನು ತಂದರೆ ಇರುವ ಜಾಗವೂ ಅರ್ಧ ಆಗುತ್ತದೆ ಅಷ್ಟೇ.

ಮತ್ತೆ ತರುವುದಾದರೂ ಎಲ್ಲಿಂದ? ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಹುಲಿಯ ಜೊತೆ ಮೊದಲನೇ ಪಟ್ಟಿಯಲ್ಲಿದೆ. ಮನೆಗೆ ಒಳ್ಳೆಯದಾಗುತ್ತದೆ ಅನ್ನುವ ಇದೇ ನಂಬಿಕೆಯಿಂದ ಕಾಡಿನಿಂದ ಕದ್ದು, ಚೀಲದಲ್ಲಿ ತುಂಬಿ ಸಾಗಿಸುತ್ತಾರೆ. ನಿಮ್ಮ ಮೈದುನನಿಗೂ ಇದನ್ನು ಓದಿ ಹೇಳಿ. ಹೆದರಿ ಕಪ್ಪತಗುಡ್ಡಕ್ಕೋ ಉಣಕಲ್ ಕೆರೆ ದಂಡೆಗೋ ಬಿಟ್ಟು ಬರಬೇಡಿ. ಅದರ ಊರು ಯಾವುದೋ, ಮೈಯಲ್ಲಿ ಯಾವ ರೋಗವಿದೆಯೋ. ಅರಣ್ಯ ಇಲಾಖೆಯವರಿಗೆ ನೀವೇ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ ಒಪ್ಪಿಸಿ.

ಮಗಳು ಅಳುತ್ತಾಳೆ, ಅಳಲಿ. ಆಮೇಲೆ ಅವಳ ಕೈಯಿಂದಲೇ ನನಗೊಂದು ಕಾಗದ ಬರೆಸಿ. ಆಮೆಗೆ ಏನು ಹೆಸರಿಟ್ಟಿದ್ದಳು ಅಂತ ನೀವು ಬರೆದೇ ಇಲ್ಲ.