ತಾಮ್ರದ ಕಾರ್ಬನೇಟ್: ಸೂತ್ರ ಒಂದೋ, ಎರಡೋ?

ಪ್ರಶ್ನೆ: ಹತ್ತನೇ ತರಗತಿಯ ಮಗಳು ತಾಮ್ರದ ಕಾರ್ಬನೇಟಿನ ಅಣುಸೂತ್ರವನ್ನು ಒಂದು ತಾಮ್ರ, ಒಂದು ಕಾರ್ಬನೇಟ್ ಎಂದು ಬರೆದಿದ್ದಾಳೆ. ಚೊಂಬಿನ ಹಸಿರು ಕಿಲುಬಿನ ಸೂತ್ರದಲ್ಲಿ ಎರಡು ತಾಮ್ರ ಇದೆ, ಹೈಡ್ರಾಕ್ಸೈಡೂ ಇದೆ. ಯಾವುದು ಸರಿ? ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ವಾಷಿಂಗ್ ಸೋಡಾ (ಸೋಡಿಯಂ ಕಾರ್ಬನೇಟ್) ಬೆರೆಸಿದರೆ ಬರುವುದು ಯಾವುದು?

ಉತ್ತರ: ವೇಲೆನ್ಸಿ, ಅಂದರೆ ಸಂಯೋಗ ಸಾಮರ್ಥ್ಯದ ಲೆಕ್ಕದಲ್ಲಿ ಮಗಳು ಬರೆದದ್ದು ಸರಿ. ತಾಮ್ರಕ್ಕೆ 2, ಕಾರ್ಬನೇಟಿಗೆ 2, ಹಾಗಾಗಿ ಒಂದಕ್ಕೊಂದು. ಆದರೆ ಬೀಕರಿನ ತಳದಲ್ಲಿ ಕೂರುವುದು ಅದಲ್ಲ. ಸೋಡಾ ನೀರಿನಲ್ಲಿ ಕಾರ್ಬನೇಟಿನ ಜೊತೆ ಹೈಡ್ರಾಕ್ಸೈಡ್ ಅಯಾನುಗಳೂ ಇರುತ್ತವೆ, ತಾಮ್ರ ಎರಡನ್ನೂ ಹಿಡಿದುಕೊಳ್ಳುತ್ತದೆ. ಸಿಗುವುದು ಎರಡು ತಾಮ್ರ, ಎರಡು ಹೈಡ್ರಾಕ್ಸೈಡ್, ಒಂದು ಕಾರ್ಬನೇಟ್ ಇರುವ ಪ್ರತ್ಯಾಮ್ಲೀಯ ಕಾರ್ಬನೇಟ್. ಕಿಲುಬಿನಲ್ಲೂ ಮುಖ್ಯವಾಗಿ ಇರುವುದು ಇದೇ. ಮ್ಯಾಲಕೈಟ್ ಅದಿರೂ ಇದೇ. ಹುಣಸೆಹಣ್ಣಿನ ಆಮ್ಲ ಇದನ್ನು ಕರಗಿಸುವುದರಿಂದಲೇ ಚೊಂಬು ಬೆಳಗುತ್ತದೆ.

ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದು. 12.5 ಗ್ರಾಂ ಮೈಲುತುತ್ತದ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ. ಇನ್ನೊಂದು ದೊಡ್ಡ ಬೀಕರಿನಲ್ಲಿ 6 ಗ್ರಾಂ ನಿರ್ಜಲ ಸೋಡಿಯಂ ಕಾರ್ಬನೇಟ್, 100 ಮಿ.ಲೀ. ನೀರು. ಲೆಕ್ಕಕ್ಕೆ 5.3 ಗ್ರಾಂ ಸಾಕು, ತುಸು ಹೆಚ್ಚಿದ್ದರೆ ಒಳ್ಳೆಯದು. ವಾಷಿಂಗ್ ಸೋಡಾದ ಹರಳಾದರೆ ಸುಮಾರು 16 ಗ್ರಾಂ ಬೇಕು, ಏಕೆಂದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಇಲ್ಲೇ ಬಹಳ ಜನ ಎಡವುವುದು: ಸೋಡಾ ಕಡಿಮೆ ಬಿದ್ದರೆ ಪ್ರಕ್ಷೇಪದಲ್ಲಿ (ತಳಕ್ಕಿಳಿಯುವ ಗಸಿಯಲ್ಲಿ) ಸಲ್ಫೇಟ್ ಉಳಿದುಬಿಡುತ್ತದೆ.

ಮೈಲುತುತ್ತದ ದ್ರಾವಣವನ್ನು ಸೋಡಾಕ್ಕೆ ನಿಧಾನವಾಗಿ ಸುರಿಯಿರಿ. ಅನಿಲ ನೊರೆಯುಕ್ಕುತ್ತದೆ. ಮೊದಲು ಬರುವುದು ಲೋಳೆಯಂಥ ತಿಳಿನೀಲಿ ಗಸಿ. 50-60 ಡಿಗ್ರಿ ಬಿಸಿಯಲ್ಲಿಟ್ಟು ಕಲಕುತ್ತಿದ್ದರೆ ಅದು ಕ್ರಮೇಣ ಹಸಿರು ಪುಡಿಯಾಗಿ ತಳಕ್ಕಿಳಿಯುತ್ತದೆ. ಕುದಿಸಬೇಡಿ, ಆಕ್ಸೈಡ್ ಆಗಿ ಕಪ್ಪಾಗುತ್ತದೆ. ಸೋಸಿ, ತೊಳೆದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ಬೇರಿಯಂ ಕ್ಲೋರೈಡ್ ಬೆರೆಸಿದಾಗ ಸಲ್ಫೇಟಿನ ಬಿಳಿ ಗಸಿ ಬರುವುದು ನಿಲ್ಲುವವರೆಗೂ ತೊಳೆದು, 100 ಡಿಗ್ರಿ ಮೀರದಂತೆ ಒಣಗಿಸಿ. ಹೆಚ್ಚೆಂದರೆ ಐದೂವರೆ ಗ್ರಾಂ ಸಿಗುತ್ತದೆ. ತಾಮ್ರದ ನೀರು ಮೀನಿಗೆ ವಿಷ, ಅದನ್ನು ಕೆರೆಗೆ ಹರಿಯಬಿಡಬೇಡಿ.

ಸೂತ್ರ ಯಾವುದೆಂದು ತಕ್ಕಡಿಯೇ ಹೇಳುತ್ತದೆ. ಒಣಗಿದ ಪುಡಿ 2.21 ಗ್ರಾಂ ತೂಗಿ, ಪೂರ್ತಿ ಕಪ್ಪಾಗಿ ತೂಕ ನಿಲ್ಲುವವರೆಗೆ ಕಾಯಿಸಿ. ಪ್ರತ್ಯಾಮ್ಲೀಯ ಕಾರ್ಬನೇಟಾದರೆ ಉಳಿಯುವುದು 1.59 ಗ್ರಾಂ ಆಕ್ಸೈಡ್. ಒಂದಕ್ಕೊಂದರ ಕಾರ್ಬನೇಟಾಗಿದ್ದರೆ 1.42 ಗ್ರಾಂ ಮಾತ್ರ ಉಳಿಯಬೇಕಿತ್ತು. ಪ್ರನಾಳದಲ್ಲಿ ಕಾಯಿಸಿದರೆ ಬಾಯಿಯ ಹತ್ತಿರ ನೀರಹನಿ ಕಟ್ಟುತ್ತದೆ. ಬರೀ ಕಾರ್ಬನೇಟಿನಲ್ಲಿ ಹೈಡ್ರೋಜನ್ನೇ ಇಲ್ಲ, ಆ ನೀರು ಬರುವುದೆಲ್ಲಿಂದ? ಹಾಗೆಂದು ಪುಡಿ ಹಸಿಯಿದ್ದರೆ ಈ ಎರಡೂ ಪರೀಕ್ಷೆ ದಾರಿ ತಪ್ಪಿಸುತ್ತವೆ.

ಶುದ್ಧ ತಾಮ್ರದ ಕಾರ್ಬನೇಟ್ ತಯಾರಾದದ್ದು 1973ರಲ್ಲಿ, ಅದೂ ಸುಮಾರು 500 ಡಿಗ್ರಿ ಬಿಸಿ, 20 ಸಾವಿರ ವಾತಾವರಣದಷ್ಟು ಒತ್ತಡದಲ್ಲಿ.

ಕ್ಯಾಲ್ಸಿಯಂಗೆ ಈ ತಕರಾರಿಲ್ಲ, ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಸೋಡಿಯಂ, ಬೆಳ್ಳಿಗೆ ಎರಡು ಲೋಹ, ಒಂದು ಕಾರ್ಬನೇಟ್. ಅಲ್ಯೂಮಿನಿಯಂಗೆ ಎರಡಕ್ಕೆ ಮೂರು ಎಂದು ಕಾಗದದ ಮೇಲೆ ಬರೆಯಬಹುದು, ಆದರೆ ಪಟಿಕಕ್ಕೆ ಸೋಡಾ ಹಾಕಿದರೆ ಬೀಳುವುದು ಹೈಡ್ರಾಕ್ಸೈಡ್. ಪರೀಕ್ಷೆಯಲ್ಲಿ ‘ತಾಮ್ರದ ಕಾರ್ಬನೇಟ್’ ಎಂದು ಕೇಳಿದರೆ ಮಗಳ ಉತ್ತರವೇ ಇರಲಿ, ಕಿಲುಬು ಅಥವಾ ಹಸಿರು ಪದರ ಎಂದರೆ ಎರಡು ತಾಮ್ರದ ಸೂತ್ರ ಬರೆಯಲಿ.