ಒಂದು ಫೋಲ್ಡರ್, ಎರಡು ಕೈ

ಒಂದೇ ಕಡೆ ಕೆಲಸ ಮಾಡುವ ಮನೆಯವರು ಕಂಪ್ಯೂಟರ್ ಫೈಲಿನ ಜಗಳ ಹೊತ್ತು ಆಪ್ತಸಲಹೆಗೆ ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಕ್ಕ, ತಮ್ಮ. ಮದುವೆ ಆಲ್ಬಮ್ ಮಾಡುವ ಸ್ಟುಡಿಯೋ. ಅಕ್ಕನ ಡಿಸೈನ್ ಕೆಲಸ ಮ್ಯಾಕ್‌ನಲ್ಲಿ, ತಮ್ಮನ ಫೋಟೋ ಕೆಲಸ ವಿಂಡೋಸ್‌ನಲ್ಲಿ. ಒಳಕೋಣೆಯಲ್ಲಿ ಒಂದು ಹಳೇ ಲಿನಕ್ಸ್ ಕಂಪ್ಯೂಟರ್, ಅದರಲ್ಲಿ ಸಾಂಬಾ (ಬೇರೆ ಬೇರೆ ಕಂಪ್ಯೂಟರುಗಳು ಒಂದೇ ಫೋಲ್ಡರ್ ಬಳಸಲು ಬಿಡುವ ಸಾಫ್ಟ್‌ವೇರ್) ಹಾಕಿ ಒಂದು ಫೋಲ್ಡರ್ ಎಲ್ಲರಿಗೂ ತೆರೆದಿಟ್ಟಿದ್ದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅಕ್ಕ ರಾತ್ರಿಯೆಲ್ಲ ಕೂತು ಮುಗಿಸಿದ ಮುಹೂರ್ತದ ಆಲ್ಬಮ್ ಶೀಟಿನ ಮೇಲೆ, ತಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಹಿಂದಿನ ದಿನದಿಂದ ತೆರೆದೇ ಇಟ್ಟಿದ್ದ ಹಳೆಯದನ್ನು ಸೇವ್ ಮಾಡಿಬಿಟ್ಟರು. ಅವತ್ತಿನಿಂದ ಇಬ್ಬರಿಗೂ ಸರಿಯಾಗಿ ಮಾತಿಲ್ಲ.

ಮೊದಲ ಎರಡು ಭೇಟಿ ಅಪ್ಪನ ವಿಷಯಕ್ಕೇ ಹೋಯಿತು. ಮೂರನೆಯದರಲ್ಲಿ ತಮ್ಮ ಸಿಟ್ಟಾದರು. "ಶೇರ್ ಮಾಡಿರೋದೇ ಇಬ್ಬರೂ ಬಳಸೋಕೆ ಅಲ್ವಾ? ಅಕ್ಕ ಈಗ ಎಲ್ಲಾನೂ ಪೆನ್‌ಡ್ರೈವ್‌ನಲ್ಲಿ ಕೊಡ್ತೀನಿ ಅಂತಾಳೆ. ಫೈನಲ್, ಫೈನಲ್ 2, ಹೊಸ ಫೈನಲ್. ನಾನು ಪ್ರಿಂಟಿಂಗ್ ಲ್ಯಾಬಿಗೆ ಯಾವುದನ್ನ ಕಳಿಸ್ಲಿ ಮೇಡಂ?"

ಅವರ ಮಾತಲ್ಲೂ ನ್ಯಾಯ ಇತ್ತು. ಕಾಪಿ ಮಾಡಿದ ಕೂಡಲೇ ಫೈಲ್ ಎರಡಾಗುತ್ತದೆ, ಯಾವುದು ಹೊಸದು ಅಂತ ಯಾರಾದರೂ ನೆನಪಿಡಬೇಕು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನೋಡಬೇಡ ಅಂದಿಲ್ಲ ಕಣೋ. ನಾನು ಕೈ ತೆಗೆಯೋ ಮುಂಚೆ ನೀನು ಕೈ ಹಾಕಬೇಡ, ಅಷ್ಟೇ."

ನಾನು ಅಲ್ಲಿಗೇ ಮಾತು ನಿಲ್ಲಿಸಿದೆ. ಆರು ತಿಂಗಳಿಂದ ಇಬ್ಬರೂ ಶೇರಿಂಗ್ ಬೇಕಾ ಕಾಪಿ ಬೇಕಾ ಅಂತ ಕಿತ್ತಾಡಿದ್ದರು, ಅಕ್ಕ ಕೇಳುತ್ತಿದ್ದದ್ದು ಎರಡೂ ಅಲ್ಲ. ನೋಡುವುದಕ್ಕೂ ತಿದ್ದುವುದಕ್ಕೂ ನಡುವೆ ಒಂದು ಗೆರೆ ಬೇಕಿತ್ತು. ಅದಕ್ಕೇ ಕೇಳಿದೆ, ಒಂದೇ ಹೊತ್ತಿಗೆ ಇಬ್ಬರೂ ತಿದ್ದಲೇಬೇಕಾದ ಫೈಲ್ ನಿಮ್ಮಲ್ಲಿ ಯಾವುದಿದೆ? ತುಂಬಾ ಯೋಚಿಸಿದರು. ಸಿಕ್ಕಿದ್ದು ಒಂದೇ, ಆರ್ಡರ್ ಬರೆದಿಡುವ ಎಕ್ಸೆಲ್ ಫೈಲ್. ಅದನ್ನು ಒಬ್ಬರು ತೆರೆದಿದ್ದರೆ ಎಕ್ಸೆಲ್ಲೇ ಇನ್ನೊಬ್ಬರಿಗೆ ಬರೀ ಓದಲು ಕೊಡುತ್ತದೆ. ಎಲ್ಲ ಸಾಫ್ಟ್‌ವೇರೂ ಹಾಗೆ ತಡೆಯುವುದಿಲ್ಲ. ಎಷ್ಟೋ ಕಡೆ ಕೊನೆಗೆ ಸೇವ್ ಮಾಡಿದವರದೇ ಉಳಿಯುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಆರ್ಡರ್ ಫೈಲ್ ಶೇರ್‌ನಲ್ಲೇ ಇರಲಿ. ಸಾಂಬಾದಲ್ಲಿ ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿ. ಅಕ್ಕನ ಫೋಲ್ಡರಿನಲ್ಲಿ ಅಕ್ಕ ಮಾತ್ರ ಬರೆಯಲಿ, ತಮ್ಮ ನೋಡಲಿ, ತಮ್ಮನದರಲ್ಲೂ ಹಾಗೇ. ಶೀಟ್ ಮುಗಿದ ಮೇಲೆ ಅದರ ಕಾಪಿಯನ್ನು 'ಕೊಟ್ಟಿದ್ದು' ಅನ್ನುವ ಮೂರನೇ ಫೋಲ್ಡರಿಗೆ ಹಾಕಿ, ಲ್ಯಾಬಿಗೆ ಹೋಗುವುದು ಅಲ್ಲಿಂದ ಮಾತ್ರ. ರಾತ್ರಿ ಎಲ್ಲವೂ ಆರ್‌ಸಿಂಕ್‌ನಲ್ಲಿ (ಬದಲಾದ ಫೈಲುಗಳನ್ನು ನಕಲು ಮಾಡುವ ಸಾಫ್ಟ್‌ವೇರ್) ಬೇರೆ ಡಿಸ್ಕಿಗೆ ಹೋಗಲಿ. ಶೇರ್ ಅಂದರೆ ಬ್ಯಾಕಪ್ ಅಲ್ಲ, ಅಲ್ಲಿ ಅಳಿಸಿದರೆ ಎಲ್ಲರಿಗೂ ಅಳಿಯಿತು.

ಲ್ಯಾಬ್ ಬೇರೆ ಊರಿನಲ್ಲಿದೆ. ರೂಟರಿನಲ್ಲಿ 445 ಪೋರ್ಟ್, ಅಂದರೆ ಫೈಲ್ ಶೇರಿಂಗ್ ಬಳಸುವ ಬಾಗಿಲು, ಇಂಟರ್ನೆಟ್ಟಿಗೆ ತೆರೆದು ಲ್ಯಾಬಿನವರಿಗೂ ಇದೇ ಫೋಲ್ಡರ್ ಕೊಡಬೇಕು ಅಂತ ತಮ್ಮ ಹೊರಟಿದ್ದರು. ಖಂಡಿತ ಬೇಡ ಅಂದೆ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸ್‌ನ ಹಳೇ ಫೈಲ್ ಶೇರಿಂಗ್‌ನಲ್ಲಿದ್ದ ತೂತಿನಿಂದಲೇ. ಊರು ದಾಟುವ ಫೈಲಿಗೆ ಎಸ್‌ಎಫ್‌ಟಿಪಿ ಸಾಕು, ಅದು ದಾರಿಯಲ್ಲಿ ಯಾರೂ ಓದದ ಹಾಗೆ ಮುಚ್ಚಿ ಕಳಿಸುತ್ತದೆ. ಫೈಲ್ ಕಳಿಸುವ ಹಳೇ ವಿಧಾನವಾದ ಬರೀ ಎಫ್‌ಟಿಪಿ ಬೇಡ. 1971ರಲ್ಲಿ ಅದನ್ನು ಮೊದಲು ಬರೆದವರು ನಮ್ಮ ದೇಶದ ಅಭಯ್ ಭೂಷಣ್, ಆ ಹೆಮ್ಮೆ ನನಗೂ ಇದೆ, ಆದರೆ ಅದರಲ್ಲಿ ಪಾಸ್‌ವರ್ಡ್ ಯಾರು ಬೇಕಾದರೂ ಓದುವ ಹಾಗೆ ಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡಿತು. ಲಿನಕ್ಸ್ ಡಿಸ್ಕಿನಲ್ಲಿ 'ಮೋಹನ' ಅನ್ನುವ ಫೋಲ್ಡರ್ ಎರಡೆರಡು ಕಾಣುತ್ತಿತ್ತು. ಅಕ್ಕ ಬೇಕಂತಲೇ ಬೇರೆ ಇಟ್ಟುಕೊಂಡಿದ್ದಾಳೆ ಅಂತ ತಮ್ಮ ನಂಬಿದ್ದರು. ನಿಜ ಏನೆಂದರೆ, ಹಳೆಯ ಮ್ಯಾಕ್ ಡಿಸ್ಕುಗಳು 'ಮೋ' ಅಕ್ಷರದ ಓತ್ವವನ್ನು ಬಿಡಿಸಿ ತುಂಡು ತುಂಡಾಗಿ ಬರೆದಿಡುತ್ತವೆ, ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಒಂದೇ ಚಿಹ್ನೆಯಾಗಿ ಉಳಿಯುತ್ತದೆ. ನಮ್ಮ ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಅವು ಎರಡು ಬೇರೆ ಹೆಸರು. ಅಕ್ಕ ಮ್ಯಾಕ್ ಡಿಸ್ಕಿನಿಂದ ಆರ್‌ಸಿಂಕ್ ಮಾಡಿದಾಗ ಹೆಸರು ಹಾಗೇ ಬಂದಿತ್ತು. ಹೊಸ ಆರ್‌ಸಿಂಕ್‌ನಲ್ಲಿ ಇದನ್ನು ಸರಿಮಾಡುವ ಆಯ್ಕೆಯೇ ಇದೆ. ಇದನ್ನು ತೋರಿಸಿದಾಗ ತಮ್ಮ ತಲೆ ತಗ್ಗಿಸಿದರು. "ಸಾರಿ ಅಕ್ಕ" ಅಂದರು. ಆ ಕೋಣೆಯಲ್ಲಿ ಅವರು ಅಕ್ಕನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಇದು ಕಂಪ್ಯೂಟರ್ ರಿಪೇರಿಯವರ ಕೆಲಸ, ನಿಮ್ಮದಲ್ಲ ಅಂತ ಜೊತೆಗಾರರೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ನೆಟ್‌ವರ್ಕ್ ಕೆಲಸ ಮಾಡಿ ಈ ಕಡೆ ಬಂದವಳು ನಾನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಸುಮ್ನೆ ಭಾವನೆಯ ಬಗ್ಗೆಯಷ್ಟೇ ಮಾತಾಡಿ ಕಳಿಸಿದ್ದರೆ ಮರುದಿನ ಬೆಳಗ್ಗೆ ಅದೇ ಫೋಲ್ಡರ್ ಅವರಿಬ್ಬರನ್ನೂ ಕಾಯುತ್ತಿರುತ್ತಿತ್ತು. ನೀವೂ ಮನೆಯವರ ಜೊತೆ ಅಂಗಡಿ ನಡೆಸುತ್ತಿದ್ದರೆ, ಯಾವುದು ಫಾಸ್ಟ್ ಅಂತ ಕೇಳುವ ಮೊದಲು ಯಾವ ಫೈಲ್ ಯಾರು ತಿದ್ದಬಹುದು ಅಂತ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಎರಡು ತಿಂಗಳಾಯಿತು. 'ಕೊಟ್ಟಿದ್ದು' ಫೋಲ್ಡರ್ ನಡೆಯುತ್ತಿದೆ. ಸ್ಟುಡಿಯೋ ಬೋರ್ಡಿನ ಮೇಲೆ ಅಪ್ಪನ ಹೆಸರು ಉಳಿಯಬೇಕೋ ಬೇಡವೋ ಅನ್ನುವುದು ಇನ್ನೂ ಬಗೆಹರಿದಿಲ್ಲ. ಮುಂದಿನ ಭೇಟಿ ಅದಕ್ಕೆ.